ಚೆಂಡಾಗಿಬಿಟ್ಟ ವೃತ್ತ

ಹಾಗಾದ್ರೆ ಇದು ಚೆಂಡಲ್ವಾ? — ಗಾಜಿನಾಚೆ ಇನ್ನೂ ಯಾರೂ ಬಂದಿಲ್ಲ, ಧ್ವನಿಮುದ್ರಣದ ಪುಟ್ಟ ಕೋಣೆಯಲ್ಲಿ ಅವಳೊಬ್ಬಳೇ, ಆದರೂ ಜೋರಾಗಿಯೇ ಕೇಳಿಬಿಟ್ಟಳು, ನಿನ್ನೆ ತಂಗಿ ಕೇಳಿದ ಹಾಗೆಯೇ. ಕಣ್ಣು ಕಾಣದವರಿಗಾಗಿ ಗಣಿತಕೋಶವನ್ನು ಓದಿ ಮುದ್ರಿಸುವ ಕೆಲಸ ಅವಳದು, ಓದುವ ಮುಂಚೆ ಮನೆಯಲ್ಲಿ ಒಂದು ಸಲ ತಂಗಿಯ ಕಿವಿಗೆ ಹಾಕುವುದು ರೂಢಿ, ಹುಟ್ಟಿನಿಂದಲೇ ಬೆಳಕು ಕಾಣದ ತಂಗಿ, ಒಂದು ಬಿಂದುವಿನಿಂದ ಸಮದೂರದಲ್ಲಿರುವ ಎಲ್ಲ ಬಿಂದುಗಳ ಗಣವೇ ವೃತ್ತ ಎಂದು ಓದಿದ್ದೇ ತಡ, ಎಲ್ಲ ಅಂದ್ರೆ ಮೇಲಿರೋವೂ ಕೆಳಗಿರೋವೂ ಸೇರಿ ತಾನೇ ಅಕ್ಕಾ, ಎನ್ನುತ್ತ ಎರಡೂ ಅಂಗೈ ಬಾಗಿಸಿ ಗಾಳಿಯಲ್ಲೊಂದು ಚೆಂಡು ಹಿಡಿದಳು — ಒಂದೇ ಸಮತಲದಲ್ಲಿ ಎಂಬ ಮಾತು ಬಿಟ್ಟುಹೋಗಿದೆ, ಕಣ್ಣಿದ್ದವರು ಪಕ್ಕದ ಚಿತ್ರ ನೋಡಿ ದಾಟಿಬಿಡುತ್ತಾರೆ, ಇವಳಿಗೆ ಚಿತ್ರವೆಲ್ಲಿದೆ, ಪರೀಕ್ಷೆ ಹತ್ತಿರ ಬಂತು, ಕೇಳಿದ್ದನ್ನೇ ಬರೆಸುತ್ತಾಳೆ. ಆದರೆ ಓದುವವರು ಅಕ್ಷರ ಬದಲಿಸುವ ಹಾಗಿಲ್ಲ, ಅಚ್ಚಾದ ಆಧಾರ ತನ್ನಿ ಮೇಡಂ, ನಿಮ್ಮ ತಂಗಿ ಆಧಾರಗ್ರಂಥ ಅಲ್ಲವಲ್ಲ, ಎಂದು ನಿನ್ನೆಯೇ ಫೋನಿನಲ್ಲಿ ನಕ್ಕಿದ್ದರು ವ್ಯವಸ್ಥಾಪಕರು.

ನಗಲಿ, ಬೆಳಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವುದನ್ನೇ ಕಾದು ನುಗ್ಗಿದ್ದಳು, ಕೈಪಿಡಿ, ಗೈಡು, ಮೊಬೈಲಿನಲ್ಲಿ ಸಿಕ್ಕ ಪುಟ, ಎಲ್ಲವೂ ಒಕ್ಕೊರಲಿನಿಂದ ಸಮತಲ ಬಿಟ್ಟೇ ಹೇಳಿದಾಗ ತಪ್ಪು ತನ್ನದೇ ಏನೋ ಅನ್ನಿಸಿತು — ಆಮೇಲೆ ಕಂಡಿತು, ಕೆಳಗಿನ ಉದಾಹರಣೆಯಲ್ಲಿ ವ್ಯಾಸ ಹದಿನಾಲ್ಕು, ಏಳಾಗಬೇಕಾದ ತ್ರಿಜ್ಯ ಎಂಟು, ಕೋಶದಲ್ಲಿದ್ದ ಹಾಗೆಯೇ ಎಲ್ಲದರಲ್ಲೂ ಎಂಟೇ. ಮೇಷ್ಟ್ರಾಗಿದ್ದ ಅಪ್ಪ ಪದ್ಯ ಒಪ್ಪಿಸಿಕೊಳ್ಳುವಾಗ ಮಕ್ಕಳೆಲ್ಲ ಒಂದೇ ಕಡೆ ಎಡವಿದರೆ ಕಣ್ಣು ಮುಚ್ಚಿಕೊಂಡೇ ಗದರುತ್ತಿದ್ದರು, ಒಬ್ಬನ ಬಾಯಿಂದ ಕದ್ರೇನ್ರೋ ಎಲ್ಲಾ, ಇದು ನಾಲ್ಕು ಸಾಕ್ಷಿ ಅಲ್ಲ ಕಣ್ರೋ, ಒಂದೇ. ಹಾಗಾದರೆ ಮೂಲಕ್ಕೇ ಇಳಿಯಬೇಕು, ಕೆಳಗಿನ ಕಪಾಟು, ಧೂಳು, ಸೀನು, ರೇಖಾಗಣಿತದ ಹಳೆಯ ದಪ್ಪ ಪುಸ್ತಕ, ಅದಕ್ಕೆ ಅವಸರವೇ ಇಲ್ಲ, ಮೊದಲು ಸಮತಲವನ್ನು ಹಾಸುತ್ತದೆ, ಆಮೇಲೆ ಅದರ ಮೇಲೆ ವೃತ್ತ, ಗೋಳಕ್ಕೆ ಬೇರೆಯೇ ವ್ಯಾಖ್ಯೆ, ಮುಂದಿನ ಪ್ರಮೇಯಗಳೆಲ್ಲ ಆ ಸಮತಲದ ಮೇಲೇ ಕಾಲೂರಿ ನಿಂತಿವೆ, ಒಂದು ಪದ ಕಿತ್ತರೆ ಎಲ್ಲವೂ ಕುಸಿದಾವು — ದೇವರೇ, ಸಿಕ್ಕಿತು.

ಆ ಪುಸ್ತಕ ಈಗ ತೊಡೆಯ ಮೇಲಿದೆ, ಗಾಜಿನಾಚೆ ವ್ಯವಸ್ಥಾಪಕರು ಬಂದು ಕೂತರು, ತೆರೆದು ತೋರಿಸಿದಳು, ಕಿವಿಯೊಳಗೆ ಅವರ ದನಿ, ಆಧಾರವೇನೋ ಸರಿ ಮೇಡಂ, ಆದ್ರೆ ತಿದ್ದೋಕೆ ಸಮಿತಿ ಸೇರ್ಬೇಕು, ಇವತ್ತೇ ಮುಗಿಸ್ಬೇಕಲ್ಲ, ಇದ್ದದ್ದನ್ನ ಓದ್ಬಿಡಿ, ಮುಂದಿನ ಸಲ ನೋಡೋಣ, ಕೆಂಪು ದೀಪ ಹತ್ತಿತು, ಮೈಕು ತುಟಿಯ ಹತ್ತಿರವೇ ಇದೆ, ಉಸಿರು ಎಳೆದುಕೊಂಡಳು, ಒಂದು ಬಿಂದುವಿನಿಂದ — ಎರಡು ಅಂಗೈ, ಬಾಗಿದ ಬೆರಳು — ಯಾಕೆ ನಿಲ್ಸಿದ್ರಿ, ಓದಿ — ಎರಡು ಅಂಗೈ, ನಡುವೆ ಚೆಂಡು —

ಓದಲ್ಲ ಸರ್.