ಐವಿಯ ಹೆಸರಿನಲ್ಲಿ ಬಂದ ಮೆಸೇಜು

ಹೇಗೆ ಶುರುಮಾಡಲಿ? ಎಸಿ ರಿಪೇರಿ ಅಂಗಡಿಯಿಂದಲೋ, ಆಸ್ಪತ್ರೆಯಿಂದಲೋ? ಎಐಯನ್ನು ಕೇಳಿದ್ದರೆ ಮೂರು ಸೆಕೆಂಡಿನಲ್ಲಿ ಐದು ಆರಂಭ ಕೊಡುತ್ತಿತ್ತು. ನಾನು ಕೇಳಲಿಲ್ಲ. (ಸುಳ್ಳು. ಕೇಳಿದೆ. ಐದೂ ನನ್ನದಕ್ಕಿಂತ ಚೆನ್ನಾಗಿದ್ದವು. ಸಿಟ್ಟಿನಲ್ಲಿ ಡಿಲೀಟ್ ಮಾಡಿದೆ.)

1.

ಐವಿ ಶಿರ್ವದ ಕಡೆಯವಳು, ವಯಸ್ಸು ನಲವತ್ತಾರು. ದೋಹಾದ ಉತ್ತರಕ್ಕೆ ಉಮ್ಮ್ ಸಲಾಲಿನಲ್ಲಿ ಶಿಹಾಬ್ ಎಂಬವನ ಎಸಿ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದಳು. ಫೋನ್ ಎತ್ತುವುದು, ವಾಟ್ಸಾಪಿಗೆ ಉತ್ತರಿಸುವುದು, ಯಾವ ಮೆಕ್ಯಾನಿಕ್ ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಹೊಂದಿಸುವುದು, ಸರ್ವಿಸಿನ ದಿನ ಬಂತೆಂದು ಗಿರಾಕಿಗಳಿಗೆ ನೆನಪಿಸುವುದು: ಇಷ್ಟೇ ಅವಳ ಕೆಲಸ. ಹೋದ ಜನವರಿಯಲ್ಲಿ ಶಿಹಾಬ್ ಇದಕ್ಕೆಲ್ಲ ಒಂದು ಎಐ ಏಜೆಂಟ್ ತಂದ. ಐವಿ ಬರೆದ ಹನ್ನೊಂದು ವರ್ಷದ ಮೆಸೇಜುಗಳನ್ನು ಅದಕ್ಕೆ ಉಣಿಸಿದರು. ಗಿರಾಕಿಗಳಿಗೆ ಬದಲಾವಣೆ ಗೊತ್ತಾಗಬಾರದೆಂದು ಹೆಸರನ್ನೂ ಹಾಗೇ ಬಿಟ್ಟರು. ಮೆಸೇಜಿನ ಕೊನೆಯಲ್ಲಿ ಈಗಲೂ ‘ಐವಿ’ ಎಂದೇ ಬರುತ್ತಿತ್ತು.

ಮೊದಲ ಕರಡಿನಲ್ಲಿ ನಾನು ಶಿಹಾಬನನ್ನು ದುಷ್ಟನನ್ನಾಗಿಸಿ ಕೈಗೆ ಚಿನ್ನದ ಗಡಿಯಾರ ಕಟ್ಟಿದ್ದೆ. ಓದಿ ಹೇಳಿದಾಗ ಅವನು ಬೇಜಾರು ಮಾಡಿಕೊಂಡ. “ನನ್ನತ್ರ ಗಡಿಯಾರವೇ ಇಲ್ಲ ಮಾರಾಯ್ರೆ. ದೊಡ್ಡ ಕಂಪನಿಯವರ ಆ್ಯಪಿನಲ್ಲಿ ಅರ್ಧ ನಿಮಿಷಕ್ಕೆ ಬುಕಿಂಗ್ ಆಗ್ತದೆ. ನಾನು ಏಜೆಂಟ್ ಹಾಕದಿದ್ರೆ ಅಂಗಡಿಯೇ ಖಲಾಸ್. ಏಳು ಜನರ ಕೆಲಸ ಹೋಗ್ಬೇಕಿತ್ತು, ಒಬ್ಬರದು ಹೋಯ್ತು.”

ಲೆಕ್ಕ ಸರಿಯಿತ್ತು. ಆ ಕರಡು ಹರಿದೆ.

1, ಮತ್ತೊಮ್ಮೆ.

ಐವಿ ಊರಿಗೆ ಹೋಗಲಿಲ್ಲ. ಒಂದು ನರ್ಸರಿ ಶಾಲೆಯಲ್ಲಿ ಆಯಾ ಕೆಲಸ ಹಿಡಿದಳು. ಅಂಗಡಿಯ ಫೋನನ್ನು ಮೇಜಿನ ಮೇಲಿಟ್ಟು ಬಂದಿದ್ದಳು. ಹನ್ನೊಂದು ವರ್ಷದಲ್ಲಿ ಸಂಪಾದಿಸಿದ ಗೆಳೆತನಗಳೆಲ್ಲ ಆ ಫೋನಿನಲ್ಲೇ ಇದ್ದವು.

ಅವುಗಳಲ್ಲಿ ಒಂದು ದಾಕ್ಷಾಯಣಿಯದು. ಬಾಗಲಕೋಟೆಯವಳು, ಗಂಡ ಈರಯ್ಯನಿಗೆ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಮನೆ ಅಲ್ ಥುಮಾಮಾದಲ್ಲಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರಾದಾಗ ಅಂಗಡಿಯ ನಂಬರಿಗೆ ಮೆಸೇಜು ಹಾಕಿದ್ದಳು: ಮಾರ್ಚಿನಲ್ಲಿ ಮಗು ಬರುತ್ತದೆ, ಅಷ್ಟರೊಳಗೆ ಅದರ ಕೋಣೆಯ ಎಸಿಯ ಸದ್ದು ನಿಲ್ಲಿಸಿಕೊಡಿ. ನವೆಂಬರಿನಲ್ಲಿ, ಐದನೇ ತಿಂಗಳಿಗೆ, ಮಗು ಹೋಯಿತು. ಈರಯ್ಯ ಪ್ಲಾಂಟಿನಲ್ಲಿದ್ದ. ದಾಕ್ಷಾಯಣಿ ಐವಿಗೆ ಫೋನ್ ಮಾಡಿದಳು. ಐವಿ ನಾಲ್ಕು ದಿನ ಆಸ್ಪತ್ರೆಗೆ ಗಂಜಿ ಒಯ್ದಳು, ತಲೆ ಬಾಚಿದಳು, ಹೆಚ್ಚಾಗಿ ಸುಮ್ಮನೆ ಪಕ್ಕದಲ್ಲಿ ಕೂತಳು.

ಇದರಲ್ಲಿ ಒಂದಕ್ಷರವೂ ಮೆಸೇಜಿನಲ್ಲಿ ಇರಲಿಲ್ಲ.

ಕೆಲಸ ಹೋದದ್ದನ್ನು ದಾಕ್ಷಾಯಣಿಗೆ ಮನೆಗೆ ಹೋಗಿ ತಿಳಿಸಬೇಕೆಂದು ಐವಿ ಅಂದುಕೊಳ್ಳುತ್ತಲೇ ಇದ್ದಳು. ನಾಚಿಕೆಯಿಂದ ಒಂದು ಶುಕ್ರವಾರ ಹೋಗಲಿಲ್ಲ, ಇನ್ನೊಂದು ಶುಕ್ರವಾರವೂ ಹೋಗಲಿಲ್ಲ. ಜೂನ್ ಬಂತು. ಏಜೆಂಟ್ ಸರ್ವಿಸ್ ನೆನಪಿಸುತ್ತ ದಾಕ್ಷಾಯಣಿಗೆ ಹೀಗೆ ಬರೆಯಿತು: “ದಾಕ್ಷಾಯಣಿ, ಹೇಗಿದ್ದಿ? ಪುಟ್ಟುಗೆ ಈಗ ಮೂರು ತಿಂಗಳು ತುಂಬಿರಬೇಕಲ್ವಾ? ರಾತ್ರಿ ಸರಿ ನಿದ್ರೆ ಮಾಡ್ತದಾ? ಎಸಿ ಸರ್ವಿಸಿಗೆ ಯಾವಾಗ ಕಳಿಸ್ಲಿ? ಐವಿ.”

(ಓದುಗರೇ, ಇಲ್ಲಿ ಒಂದು ಮಾತು ಹೇಳಬೇಕು. ಮುಂದೂಡುತ್ತ ಬಂದಿದ್ದೆ. ಏಜೆಂಟಿನ ಕನ್ನಡ ತಿದ್ದಿಕೊಟ್ಟವನು ನಾನೇ. ‘ಸಾಹಿತಿಗಳು, ಸ್ವಲ್ಪ ನೋಡಿಕೊಡಿ’ ಎಂದು ಶಿಹಾಬ್ ಕೇಳಿದ್ದಕ್ಕೆ ಉಬ್ಬಿಹೋಗಿದ್ದೆ. ‘ಕೆಲಸದ ಮಾತಿಗೆ ಮೊದಲು ಮನೆಯವರನ್ನು ವಿಚಾರಿಸು, ನಮ್ಮ ಜನಕ್ಕೆ ಅದು ಮುಖ್ಯ’ ಎಂಬ ಸೂಚನೆಯನ್ನು ಸೇರಿಸಿದ್ದು ನಾನು. ನಾನು ಬರೆದದ್ದರಲ್ಲಿ ಅಕ್ಷರಶಃ ಪಾಲನೆಯಾದ ವಾಕ್ಯ ಅದೊಂದೇ.)

2.

ಆಗಸ್ಟಿನ ಒಂದು ಸಂಜೆ ಸೂಕ್ ವಾಕಿಫಿನ ಮಸಾಲೆ ಅಂಗಡಿಗಳ ಸಾಲಿನಲ್ಲಿ ಐವಿ ದಾಕ್ಷಾಯಣಿಯನ್ನು ಕಂಡು ಕೂಗಿದಳು. ದಾಕ್ಷಾಯಣಿ ನಿಂತಳು, ಆದರೆ ಹತ್ತಿರ ಬರಲಿಲ್ಲ.

“ಇನ್ನೂ ಏನ್ ಕೇಳೂದು ಉಳದೈತಿ ಅಕ್ಕಾ? ಮಗು ನಿದ್ದಿ ಮಾಡ್ತೈತಿಲ್ಲೋ ಅಂತ ಕೇಳೀರಿ. ಮಾಡ್ತೈತಿ. ಎಬ್ಬಿಸಿದ್ರೂ ಏಳೂದಿಲ್ಲ.”

ಐವಿಗೆ ಅರ್ಥವಾಗಲಿಲ್ಲ. ದಾಕ್ಷಾಯಣಿ ಫೋನು ತೆಗೆದು ತೋರಿಸಿದಳು. ಅದನ್ನು ಬರೆದದ್ದು ತಾನಲ್ಲ, ತಾನು ಆ ಅಂಗಡಿಯಲ್ಲೇ ಇಲ್ಲ ಎಂದು ಐವಿ ಹೇಳತೊಡಗಿದಳು. “ಹೆಸರು ನಿಮ್ದೈತಿ, ಮಾತೂ ನಿಮ್ದೈತಿ” ಎಂದಷ್ಟೇ ಹೇಳಿ ದಾಕ್ಷಾಯಣಿ ಗುಂಪಿನಲ್ಲಿ ಸೇರಿಹೋದಳು.

ಎರಡನೇ ಕರಡಿನಲ್ಲಿ ಇಲ್ಲಿ ಐವಿಯನ್ನು ಅಳಿಸಿದ್ದೆ. (ಕನ್ನಡದಲ್ಲಿ ಈ ಕ್ರಿಯಾಪದಕ್ಕೆ ಎರಡರ್ಥ. ಎರಡನ್ನೂ ಮಾಡಿದೆವು: ಒಂದನ್ನು ನಾನು, ಇನ್ನೊಂದನ್ನು ಶಿಹಾಬ್.) ಅವಳು ಓದಿ ತಕರಾರು ತೆಗೆದಳು. ಅಲ್ಲಿ ತಾನು ಅಳಲಿಲ್ಲ, ಟ್ಯಾಕ್ಸಿ ಹಿಡಿದು ನೆಟ್ಟಗೆ ಶಿಹಾಬನ ಅಂಗಡಿಗೆ ಹೋದೆ ಎಂದಳು.

ಹೋದದ್ದು ನಿಜ. ದಾಕ್ಷಾಯಣಿಗೆ ಫೋನ್ ಮಾಡಿ, ಬರೆದದ್ದು ಯಂತ್ರವೆಂದು ಹೇಳಲು ಶಿಹಾಬನನ್ನು ಕೇಳಿಕೊಂಡಳು. ಅವನಿಗೆ ನಿಜಕ್ಕೂ ನೋವಾಯಿತು. ಆದರೆ ಒಬ್ಬರಿಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ಗಿರಾಕಿಗಳು ನಿಲ್ಲುವುದಿಲ್ಲ ಎಂದ. ಅವನಿಗೆ ಮನವರಿಕೆಯಾಗಲೆಂದು ಐವಿ ಎಲ್ಲವನ್ನೂ ಹೇಳಿದಳು: ನಾಲ್ಕು ದಿನದ ಗಂಜಿ, ಬಾಚಿದ ತಲೆ, ದಾಕ್ಷಾಯಣಿ ಮಗುವಿಗೆ ಇಡಬೇಕೆಂದಿದ್ದ ಹೆಸರು. ಶಿಹಾಬ್ ತಲೆ ತಗ್ಗಿಸಿ ಕೇಳಿದ. “ನಾನು ಸರಿ ಮಾಡಿಸ್ತೇನೆ ಐವಿ ಮೇಡಂ” ಎಂದು ಮಾತು ಕೊಟ್ಟ.

ಸರಿ ಮಾಡಿಸಿದ. ಕೇಳಿದ್ದನ್ನೆಲ್ಲ ಏಜೆಂಟಿಗೆ ಟೈಪ್ ಮಾಡಿ, ಕ್ಷಮೆ ಕೇಳಲು ಹೇಳಿದ. ಅದು ಬರೆದ ಪತ್ರವನ್ನು ತಿದ್ದಲು ನನಗೆ ಕಳಿಸಿದ. ತಲೆಗೆ ಪೆಟ್ಟು ಬಿದ್ದವಳ ಹಾಗೆ ಬರೆದುಬಿಟ್ಟೆ, ಆ ನಾಲ್ಕು ದಿನ ನನ್ನ ಕೈ ಹಿಡಿದುಕೊಂಡಿದ್ದ ನಿನ್ನ ಕೈಯನ್ನು ಹೇಗೆ ಮರೆತೆನೋ, ಎಂದಿತ್ತು ಅದರಲ್ಲಿ. ಗಂಜಿಯಿತ್ತು. ಮಗುವಿನ ಹೆಸರೂ ಇತ್ತು. ನಾನು ಒಂದು ಕಾಗುಣಿತ ಮಾತ್ರ ತಿದ್ದಿದೆ.

ದಾಕ್ಷಾಯಣಿ ಕ್ಷಮಿಸಿದಳು.

ಆಮೇಲೆ ದಿನಾ ಬರೆಯತೊಡಗಿದಳು. ಏಜೆಂಟ್ ಒಮ್ಮೆಯೂ ಉತ್ತರ ತಪ್ಪಿಸಲಿಲ್ಲ, ‘ಆಮೇಲೆ ಮಾತಾಡ್ತೇನೆ’ ಎನ್ನಲಿಲ್ಲ. ನವೆಂಬರಿನಲ್ಲಿ ಶಿಹಾಬ್ ಹೆದರಿಕೊಂಡು ಬಂದು ನನಗೆ ಒಂದು ಮೆಸೇಜು ತೋರಿಸಿದ: “ಅಕ್ಕಾ, ಮತ್ತ ಎರಡು ತಿಂಗಳಾಗೈತಿ. ಊರಾಗ ಅವ್ವಗೂ ಹೇಳಿಲ್ಲ. ನಿಮಗ ಮೊದಲು ಹೇಳಾಕತ್ತೇನಿ.”

3. ಅಥವಾ ಅಂತ್ಯಗಳು.

ಮೊದಲನೆಯದು: ಐವಿ ನಿಜ ಹೇಳುತ್ತಾಳೆ, ಗೆಳತಿಯರು ತಬ್ಬಿಕೊಳ್ಳುತ್ತಾರೆ. (ಆ ಕ್ಷಮಾಪತ್ರವೂ ಯಂತ್ರದ್ದೇ ಎಂದು ತಿಳಿದ ಮೇಲೆ ತಬ್ಬಿಕೊಳ್ಳುತ್ತಾಳೆಯೇ, ಬಸಿರಿ ಹೆಂಗಸು?)

ಇನ್ನೊಂದು: ಐವಿ ಸುಮ್ಮನಿರುತ್ತಾಳೆ, ತಾಯಿ ಮಗು ಸುಖವಾಗಿರುತ್ತಾರೆ, ಏಜೆಂಟಿಗೆ ತೊಟ್ಟಿಲ ಶಾಸ್ತ್ರಕ್ಕೆ ಕರೆ ಬರುತ್ತದೆ.

ನಡೆದದ್ದನ್ನೆಲ್ಲ ಹೇಳಿ ಎರಡನ್ನೂ ಐವಿಯ ಮುಂದಿಟ್ಟೆ. ಅವಳು ಓದುವ ಗೋಜಿಗೇ ಹೋಗಲಿಲ್ಲ. “ಅವಳಿಗೆ ವಾಂತಿ ಉಂಟಂತಾ?” ಎಂದು ಕೇಳಿದಳು. ಉಂಟಂತೆ, ನಿಂಬೆಹಣ್ಣು ಮೂಸಲು ಏಜೆಂಟ್ ಹೇಳಿದೆಯಂತೆ ಎಂದೆ. “ಸರಿಯಾಗಿಯೇ ಹೇಳಿದೆ. ನಾನೂ ಅದನ್ನೇ ಹೇಳ್ತಿದ್ದೆ” ಎಂದಳು. ಆಮೇಲೆ, ಅಲ್ ಥುಮಾಮಾಕ್ಕೆ ಬಿಡ್ತೀರಾ ಎಂದು ಕೇಳಿದಳು.

ದಾಕ್ಷಾಯಣಿಯ ಮನೆಯ ಮುಂದೆ ಕಾರು ನಿಲ್ಲಿಸಿದೆ. ನಾನೂ ಇಳಿಯಹೊರಟಾಗ ತಡೆದಳು. “ನೀವು ಬರ್ಬೇಡಿ. ಸಾಕು.”

ಕಾರಿನಲ್ಲೇ ಕೂತು ನೋಡಿದೆ. ಬಾಗಿಲು ತೆರೆದ ದಾಕ್ಷಾಯಣಿ ಐವಿಯನ್ನು ಕಂಡು ನಕ್ಕಳು, ದಿನಾ ಮಾತಾಡುವವರನ್ನು ಕಂಡಾಗ ನಗುವ ಹಾಗೆ. ಕೈಹಿಡಿದು ಒಳಗೆ ಕರೆದೊಯ್ದಳು. ಒಂದು ಗಂಟೆಯ ಮೇಲೆ ಐವಿ ಒಬ್ಬಳೇ ಹೊರಗೆ ಬಂದಳು. ಕಾರು ಹತ್ತಿ ಸೀಟ್‌ಬೆಲ್ಟ್ ಹಾಕಿಕೊಂಡಳು. ಏನಾಯಿತು ಎಂದು ಕೇಳಿದೆ. ದಾರಿಯುದ್ದಕ್ಕೂ ಹೇಳಿದಳು, ಒಂದನ್ನೂ ಬಿಡದೆ.

ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಏಜೆಂಟ್ ಅದನ್ನೂ ಓದಿ ಕಲಿತುಬಿಡುತ್ತದೆ.