ಮುಳ್ಳು ಬಿಡಿಸುವವನು

ಮೂರನೆಯ ಗುಲಾಬಿಗೇ ಹೆರ್ಟಾಳ ಹೆಬ್ಬೆರಳಲ್ಲಿ ರಕ್ತ ಬಂತು. "ಹಾಳಾದ್ದು!" ಎಂದು ಬೆರಳನ್ನು ಬಾಯಿಗಿಟ್ಟುಕೊಂಡಳು. ಚುನಾವಣೆಗೆ ಮುಂಚಿನ ಶನಿವಾರ ಸಂತೆಯಲ್ಲಿ ನಿಂತು ಕೆಂಪು ಗುಲಾಬಿ ಹಂಚುವುದು ಅವಳ ಪಕ್ಷದ ರೂಢಿ. ಮುಳ್ಳು ಬಿಡಿಸಿಕೊಡುವುದು ಅಣ್ಣ ಎರ್ವಿನ್ನನ ಕೆಲಸ. ಅವಳು ನಗರಸಭೆಗೆ ನಿಂತ ಕಾಲದಿಂದ ಪಾರ್ಲಿಮೆಂಟು ಸೇರುವವರೆಗೆ ಒಂದು ಸಲವೂ ಅವನು ತಪ್ಪಿಸಿದವನಲ್ಲ.

ಈ ಸಲ ಬಂದಿರಲಿಲ್ಲ. ಬರುವುದಾದರೂ ಹೇಗೆ? ಕಲ್ಲಿದ್ದಲ ಗಣಿಗಳ ಸಹಾಯಧನ ನಿಲ್ಲಿಸುವ ಮಸೂದೆಗೆ ರಾಜಧಾನಿ ಬಾನ್‌ನ ಪಾರ್ಲಿಮೆಂಟಿನಲ್ಲಿ ಕೈ ಎತ್ತಿದವರಲ್ಲಿ ಇವಳೂ ಒಬ್ಬಳು. ಅಪ್ಪ ಇಳಿದಿದ್ದ, ಅಣ್ಣ ಇಳಿಯುತ್ತಿದ್ದ ಗಣಿಗೆ ಬೀಗ ಬಿತ್ತು. ಹೇಗೂ ಮುಚ್ಚುವುದೇ, ಈಗಲಾದರೆ ಗಣಿಯವರಿಗೆ ಪಿಂಚಣಿಯಾದರೂ ಸಿಗುತ್ತದೆ ಎಂಬುದು ಅವಳ ಎಣಿಕೆ. ಎಣಿಕೆ ತಪ್ಪಿರಲೂ ಇಲ್ಲ. ಆದರೆ ಅಂದಿನಿಂದ ಅಣ್ಣ ಮಾತು ಬಿಟ್ಟ. ಸೀಟು ಹೋದರೆ ಹೋಗಲಿ, ಅವನೊಬ್ಬ ಬಂದರೆ ಸಾಕು ಅನ್ನಿಸಿಬಿಟ್ಟಿತ್ತು ಅವಳಿಗೆ.

"ಏನಮ್ಮಾ ಹೆರ್ಟಾ, ಒಬ್ಳೇ?" ಪಕ್ಕದಲ್ಲಿ ಆಲೂಗಡ್ಡೆ ಮಾರುತ್ತಿದ್ದ ಮಾಟಿಲ್ಡೆ ಕೆಣಕಿದಳು. "ಹೂವೇನೋ ಚೆನ್ನಾಗಿದೆ. ಕಲ್ಲಿದ್ದಲಿನ ಬದಲು ಒಲೆಗೆ ಹಾಕಿದ್ರೆ ಉರಿಯುತ್ತಾ?"

"ಉರೀತಿರೋದು ನನ್ನ ಹೊಟ್ಟೆ. ಸುಮ್ನಿರೇ ಮಾರಾಯ್ತಿ."

ಅಷ್ಟರಲ್ಲಿ ಚರ್ಚಿನ ಕಡೆಯಿಂದ ಎರ್ವಿನ್ ಬರುವುದು ಕಂಡಿತು. ಅವನು ನೇರ ಬಂದು, ಬಕೆಟ್ಟಿನಿಂದ ಒಂದು ಹೂ ಎತ್ತಿ ತಿರುಗಿಸಿ ನೋಡಿದ.

"ಇದೇನೇ ಇದು, ಮುಳ್ಳು ಹಾಗೇ ಇದೆ?"

"ನಂಗೆ ಬರಲ್ಲ ಕಣಣ್ಣ."

"ಜನರ ಕೈ ಏನು ಪಾಪ ಮಾಡಿದೆ?"

ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂತೇಬಿಟ್ಟ. ಜೇಬಿನಿಂದ ಅಪ್ಪನ ಮಡಚುವ ಚಾಕು ಹೊರಬಂತು. ಗಣಿಯೊಳಗೆ ಬುತ್ತಿಯ ಬ್ರೆಡ್ಡು ಕೊಯ್ಯುತ್ತಿದ್ದ ಚಾಕು ಅದು. ಎರ್ವಿನ್ ಕೂತದ್ದು ನೋಡಿ, ಅಲ್ಲಿಯವರೆಗೆ ದೂರವೇ ಉಳಿದಿದ್ದ ಜನವೂ ಒಬ್ಬೊಬ್ಬರಾಗಿ ಹತ್ತಿರ ಬಂದರು. ಮಾಟಿಲ್ಡೆ ಕೂಡ ಒಂದು ಹೂ ಇಸಿದುಕೊಂಡು ಕಿವಿಗೆ ಸಿಕ್ಕಿಸಿದಳು. ಹೆರ್ಟಾಳಿಗೆ ಹೋದ ಜೀವ ಬಂದ ಹಾಗಾಯಿತು.

"ಸಂಜೆ ಮನೆಗೆ ಬಾರಣ್ಣ. ಬಟಾಣಿ ಸೂಪ್ ಮಾಡ್ತೀನಿ."

ಅವನು ಕೊನೆಯ ದಂಟನ್ನೂ ಸವರಿ ಬಕೆಟ್ಟಿಗೆ ಇಟ್ಟ. ಚಾಕುವನ್ನು ಪ್ಯಾಂಟಿಗೆ ಒರೆಸಿ ಮಡಚಿದ. ಜೇಬಿನವರೆಗೆ ಹೋದ ಕೈ ಹಿಂದಕ್ಕೆ ಬಂತು. ಚಾಕುವನ್ನು ಅವಳ ಮೇಜಿನ ಮೇಲಿಟ್ಟ.

"ಇನ್ನು ನಂಗ್ಯಾಕೆ ಇದು, ಬುತ್ತಿ ಕಟ್ಕೊಂಡು ಎಲ್ಲಿಗೆ ಹೋಗ್ಬೇಕು? ಮುಂದಿನ ಸಲ ನಿಂಗೇ ಬೇಕಾಗುತ್ತೆ."

"ಅಣ್ಣಾ, ಒಂದು ಹೂವಾದ್ರೂ..."

ಅವನು ಆಗಲೇ ಸಂತೆಯ ಜನದೊಳಗೆ ಸೇರಿಹೋಗಿದ್ದ.

"ನಂಗೊಂದು ಕೊಡಿ," ಎಂದು ಯಾರೋ ಮುದುಕಿ ಕೈ ಚಾಚಿದಳು. ಹೆರ್ಟಾ ಬಕೆಟ್ಟಿಗೆ ಕೈ ಹಾಕಿ ಒಂದನ್ನು ತೆಗೆದಳು. ದಂಟು ನುಣ್ಣಗಿತ್ತು.