ನೀಲಿ ಕಾರು, ಹೊಗೆ, ಬೋಳ

ನನ್ನ ಹತ್ತಿರ ರೆಕಾರ್ಡುಗಳು ರಾಶಿ ಬಿದ್ದಿವೆ, ಆದರೆ ಲೆಕ್ಕಕ್ಕೆ ಬರುವುದು ಮೂರೇ. ಮೂರೂ ಜಾಝ್, ಮೂರೂ ಅಪ್ಪ ತಂದವು. ಮನೆಯಲ್ಲಿ ಯಾರೂ ಅವುಗಳ ನಿಜವಾದ ಹೆಸರು ಹೇಳುವುದಿಲ್ಲ. ರಟ್ಟಿನ ಮೇಲೆ ಕಾರಿನ ಚಿತ್ರ ಇರುವುದು ನೀಲಿ ಕಾರು. ಸಿಗರೇಟು ಸೇದುವವನ ಮುಖವೇ ಕಾಣದ್ದು ಹೊಗೆ. ರಟ್ಟು ಯಾವ ಕಾಲಕ್ಕೋ ಕಳೆದುಹೋಗಿ ಬರೀ ಕಾಗದದ ಚೀಲದಲ್ಲಿರುವುದು ಬೋಳ.

ಹಾಡು ಚೆನ್ನಾಗಿದೆ ಎಂದು ರೆಕಾರ್ಡನ್ನು ಮೆಚ್ಚುವವರು ಬೇಕಾದಷ್ಟು ಜನ. ನಾನು ಡ್ರಮ್ಮರ್, ನನಗೆ ಬೇಕಾದ್ದು ಡ್ರಮ್ಮಿನ ಸದ್ದು. ನೀಲಿ ಕಾರಿನಲ್ಲಿ ಸ್ನೇರ್, ಅಂದರೆ ಮೊಣಕಾಲುಗಳ ನಡುವೆ ಕೂರುವ ಆ ಚಿಕ್ಕ ಡ್ರಮ್ಮು, ಒಣ ಕಡ್ಡಿ ಮುರಿದ ಹಾಗೆ ಟಪ್ಪೆನ್ನುತ್ತದೆ. ಅದಕ್ಕೆ ಗುಂಯ್ ಎನ್ನುವ ಬಾಲವಿಲ್ಲ. ಹೊಗೆಯಲ್ಲಿ ಡ್ರಮ್ಮರ್ ಕೋಲನ್ನು ಮುಟ್ಟುವುದೇ ಇಲ್ಲ, ಮೊದಲಿಂದ ಕೊನೆಯವರೆಗೆ ತಂತಿಯ ಬ್ರಷ್ಷು. ಪಕ್ಕದ ಕೋಣೆಯಲ್ಲಿ ಯಾರೋ ಅವಸರವಾಗಿ ನೆಲ ಗುಡಿಸುತ್ತಿದ್ದಾರೆ ಅನ್ನಿಸುತ್ತದೆ. ಬೋಳನಲ್ಲಿ ಸಿಂಬಲ್. ಆ ಕಂಚಿನ ತಟ್ಟೆಯ ಸದ್ದಿನ ಬೆನ್ನು ಹತ್ತಿ ನಾನು ಎಷ್ಟು ಸಿಂಬಲ್ ಕೊಂಡೆನೋ, ಎಷ್ಟು ಮಾರಿದೆನೋ, ಹೆಂಡತಿಗೆ ಮಾತ್ರ ಗೊತ್ತು.

ಈ ಮೂರನ್ನೂ ನಾನು ಅಪ್ಪನ ಹಳೇ ಪ್ಲೇಯರಿನಲ್ಲಿ ಮಾತ್ರ ಕೇಳುತ್ತೇನೆ. ಫೋನಿನಲ್ಲಿ ಕೇಳಿಸಲು ಬಂದವರಿಗೆ ಸಿಂಬಲ್ಲಿನ ಸದ್ದಿಗೂ ಕಾದ ಬಾಣಲೆಗೂ ವ್ಯತ್ಯಾಸ ಗೊತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಒಮ್ಮೆ ಗೆಳೆಯನೊಬ್ಬ ತನ್ನ ಹೊಸ ಪ್ಲೇಯರಿನಲ್ಲಿ ಇದೇ ನೀಲಿ ಕಾರನ್ನು ಹಾಕಿದ್ದ. ಅರ್ಧ ನಿಮಿಷ ಕೇಳಿ, ಇದು ಪ್ಲೇಯರಲ್ಲ ಎತ್ತಿನಗಾಡಿ ಎಂದು ಎದ್ದು ಬಂದೆ. ಆಮೇಲೆ ಅವನು ನನ್ನನ್ನು ಮನೆಗೆ ಕರೆಯಲಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮೊನ್ನೆ ಅಕ್ಕ ಫೋನು ಮಾಡಿದಳು. ನಮ್ಮದು ಮೂವರ ಬ್ಯಾಂಡು: ಅಕ್ಕ ಪಿಯಾನೋ, ಭಾವ ಆಳೆತ್ತರದ ಬಾಸ್, ನಾನು ಡ್ರಮ್ಮು. ಬ್ಯಾಂಡು ಅಕ್ಕನದು. ಹಾಡು ಶುರುಮಾಡುವ ಮುಂಚೆ ಒನ್, ಟೂ, ತ್ರೀ, ಫೋರ್ ಎಂದು ಎಣಿಸುವುದು ಡ್ರಮ್ಮರಿನ ಹಕ್ಕು. ಹೋದ ವರ್ಷ ಅಕ್ಕ ಅದನ್ನೂ ಕಿತ್ತುಕೊಂಡಿದ್ದಳು. ನಾನು ಓಡುತ್ತೇನಂತೆ. ಅವಳು ಎಷ್ಟು ನಿಧಾನವಾಗಿ ಎಣಿಸಿಕೊಟ್ಟರೂ ನಾಲ್ಕು ಸಾಲು ಮುಗಿಯುವುದರೊಳಗೆ ಹಾಡನ್ನು ದರದರನೆ ಎಳೆದುಕೊಂಡು ಹೋಗುತ್ತೇನಂತೆ. ಊರಿನ ವಾದ್ಯದವರೆಲ್ಲ ನನ್ನನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ, ಅದು ನನ್ನ ಕಿವಿಗೂ ಬಿದ್ದಿದೆ. ಸಾಲದ್ದಕ್ಕೆ ನನ್ನ ಡ್ರಮ್ಮು ಬಿಸ್ಕತ್ತಿನ ಡಬ್ಬದ ಹಾಗೆ ಕೇಳುತ್ತದಂತೆ.

ಫೋನಿನಲ್ಲಿ ಅವಳು ದನಿ ಎತ್ತಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

"ರೆಕಾರ್ಡಿಂಗ್ ನಾಳೆ ಬೆಳಿಗ್ಗೆ ಶುರು. ಒಂದು ಸಲ ನೋಡ್ತೀನಿ ಪುಟ್ಟ. ಸರಿಹೋಗಲಿಲ್ಲ ಅಂದ್ರೆ ಮಧ್ಯಾಹ್ನಕ್ಕೆ ಹತ್ತಿಕೈ ಬರ್ತಾನೆ."

ಹತ್ತಿಕೈ ಎಂದರೆ ಇನ್ನೊಬ್ಬ ಡ್ರಮ್ಮರ್. ಮಗುವಿನ ಕೆನ್ನೆ ತಟ್ಟುವವನ ಹಾಗೆ ಬಾರಿಸುತ್ತಾನೆ. ಮಧ್ಯಾಹ್ನಕ್ಕೆ ಬಂದವನು ಸಂಜೆಗೆ ಹೋಗುವವನಲ್ಲ, ನನ್ನ ಜಾಗದಲ್ಲೇ ಕೂರುತ್ತಾನೆ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಅಕ್ಕನ ಪಕ್ಕ ಕೂತು ಬಾರಿಸುವುದನ್ನು ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿಲ್ಲ. ರಾತ್ರಿ ಊಟದ ತಟ್ಟೆಯ ಅಂಚನ್ನು ಬೆರಳಲ್ಲಿ ಬಾರಿಸುತ್ತಾ ಕೂತಿದ್ದವನನ್ನು ನೋಡಿ ಹೆಂಡತಿ, ನೀವು ಹುಟ್ಟುವಾಗಲೂ ಡಾಕ್ಟರಿಗೆ ಅವಸರ ಮಾಡಿರಬೇಕು ಎಂದಳು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಎದ್ದವನೇ ನೀಲಿ ಕಾರನ್ನು ಹಾಕಿಕೊಂಡು ಸ್ನೇರ್ ಬಿಗಿ ಮಾಡಿದೆ. ಅದು ನನ್ನ ಪದ್ಧತಿ. ರೆಕಾರ್ಡಿನ ಏಟಿನ ಜತೆ ನನ್ನ ಏಟು, ಒಂದೊಂದೇ ತಿರುಪನ್ನು ಕೀಲಿಯಿಂದ ತಿರುಗಿಸುತ್ತಾ, ಎರಡೂ ಒಂದೇ ಆಗುವವರೆಗೆ. ಆಮೇಲೆ ಮೂರೂ ರೆಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಕ್ಕ ಏನಾದರೂ ಅಂದರೆ ಸಾಕ್ಷಿ ಜತೆಗೇ ಇರಲಿ ಎಂದು.

ಸ್ಟುಡಿಯೋ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿತ್ತು. ಕೆಳಗೆ ಮೆಷಿನ್ನು ಓಡಿದಾಗಲೆಲ್ಲ ಮೆಟ್ಟಿಲು ಸಣ್ಣಗೆ ನಡುಗುತ್ತಿತ್ತು, ನನ್ನ ಕಾಲೂ ಅದರ ಜತೆ ಸೇರಿಕೊಂಡಿತು. ಸೌಂಡಿನವನು ಮಾತು ಕಡಿಮೆಯ ಮನುಷ್ಯ. ಗಾಜಿನ ಆಚೆ ಕೂತು ಹೆಬ್ಬೆರಳು ಎತ್ತಿದರೆ ಶುರು, ಅಂಗೈ ತೋರಿಸಿದರೆ ನಿಲ್ಲಿಸು. ಭಾವ ಬಾಸನ್ನು ತಬ್ಬಿಕೊಂಡು ನನ್ನ ಮುಖ ನೋಡದೆ ತಂತಿ ಸರಿಮಾಡುತ್ತಿದ್ದರು. ಅವರಿಗೆ ಮಧ್ಯಾಹ್ನದ ವಿಷಯ ಗೊತ್ತಿತ್ತೆಂದು ಅದರಿಂದಲೇ ತಿಳಿಯಿತು.

ಅಕ್ಕ ಎಣಿಸಿದಳು. ಬಾರಿಸಲು ಶುರುಮಾಡಿದೆವು. ನನ್ನ ಮಟ್ಟಿಗೆ ಹೇಳುವುದಾದರೆ ಎಲ್ಲವೂ ಸರಿಯಾಗಿಯೇ ಇತ್ತು, ಅವರಿಬ್ಬರೂ ಸ್ವಲ್ಪ ಕಾಲೆಳೆದುಕೊಂಡು ಬರುತ್ತಿದ್ದರು ಅನ್ನುವುದೊಂದನ್ನು ಬಿಟ್ಟರೆ. ಅರ್ಧ ದಾರಿಯಲ್ಲಿ ಅಕ್ಕ ಕೈ ಎತ್ತಿದಳು. ಪಿಯಾನೋ ನಿಂತಿತು, ಬಾಸು ನಿಂತಿತು, ನಾನು ಇನ್ನೆರಡು ಏಟು ಹೊಡೆದು ನಿಂತೆ.

ಅವಳು ಹತ್ತಿಕೈಗೆ ಮಾಡಲು ಫೋನು ಕೈಗೆ ತೆಗೆದುಕೊಂಡಳು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿರುವುದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಮ್ಮಿಬ್ಬರಿಗೂ ಜಾಝ್ ಮರೆತುಹೋಗಿದೆ, ಡ್ರಮ್ಮು ಹೇಗಿರಬೇಕು, ಎಷ್ಟು ಜೋರಾಗಿ ಓಡಬೇಕು ಎಂದು ಕೇಳಬೇಕಾದರೆ ಈ ಮೂರನ್ನು ಕೇಳಿ ಎಂದು ಚೀಲವನ್ನು ಪಿಯಾನೋ ಮೇಲೆ ಇಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಈ ರೆಕಾರ್ಡು ನನಗಿಂತ ಒಂದು ಕೂದಲೆಳೆ ನಿಧಾನ ಇದ್ರೂ ಸರಿ, ನೀನು ನನ್ನನ್ನ ಹೋಗು ಅನ್ನಬೇಕಾಗಿಲ್ಲ ಅಕ್ಕ. ಡ್ರಮ್ಮು ಕಟ್ಟಿಕೊಂಡು ನಾನೇ ಹೋಗ್ತೀನಿ."

ಅಕ್ಕ ಫೋನು ಕೆಳಗಿಟ್ಟಳು. ಸೌಂಡಿನವನ ಕೋಣೆಯಲ್ಲಿ ಒಂದು ಪ್ಲೇಯರಿತ್ತು. ನೀಲಿ ಕಾರನ್ನು ನಾನೇ ಹಾಕಿ, ಮುಳ್ಳನ್ನು ನಾನೇ ಇಳಿಸಿ, ಕೈ ಕಟ್ಟಿ ನಿಂತೆ.

ಅದು ನೀಲಿ ಕಾರಲ್ಲ. ಅದೇ ಹಾಡು, ಅದೇ ಪಿಯಾನೋ, ಆದರೆ ಜ್ವರ ಬಿಟ್ಟು ಎದ್ದವನು ನಡೆದ ಹಾಗೆ ನಡೆಯುತ್ತಿತ್ತು. ಸ್ನೇರ್ ಕಡ್ಡಿ ಮುರಿದ ಹಾಗಿರಲಿಲ್ಲ, ದಪ್ಪ ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ ಹಾಗಿತ್ತು. ನಿಮ್ಮ ಪ್ಲೇಯರು ಕೆಟ್ಟಿದೆ ಎಂದೆ. ಹೊಗೆಯನ್ನು ಹಾಕಿಸಿದೆ, ಅದೂ ಹಾಗೆಯೇ. ಗೆಳೆಯನ ಮನೆಯ ಎತ್ತಿನಗಾಡಿ ನೆನಪಾಯಿತು.

ಸೌಂಡಿನವನು ಜಗಳಕ್ಕೆ ಬರಲಿಲ್ಲ. ಡ್ರಾಯರಿನಿಂದ ಸುತ್ತಲೂ ಚುಕ್ಕೆ ಹಾಕಿದ ರಟ್ಟಿನ ಬಿಲ್ಲೆಯೊಂದನ್ನು ತೆಗೆದು ಪ್ಲೇಯರಿನ ಮೇಲಿಟ್ಟು ತಿರುಗಲು ಬಿಟ್ಟ. ಮೇಲಿನಿಂದ ಒಂದು ಪುಟ್ಟ ದೀಪ ಹಿಡಿದ. ವೇಗ ಸರಿಯಾಗಿದ್ದರೆ ಆ ಬೆಳಕಿನಲ್ಲಿ ಚುಕ್ಕೆಗಳು ನಿಂತ ಹಾಗೆ ಕಾಣುತ್ತವಂತೆ, ತಪ್ಪಿದ್ದರೆ ಹರಿದಾಡುತ್ತವಂತೆ. ಬಿಲ್ಲೆ ತಿರುಗುತ್ತಿತ್ತು, ಚುಕ್ಕೆಗಳು ಮಾತ್ರ ಕದಲದೆ ನಿಂತಿದ್ದವು. ಅಷ್ಟು ಹೊತ್ತು ಕದಲದೆ ನಿಂತದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಬೋಳನನ್ನು ಹಾಕಿ ಎಂದೆ. ಯಾರೂ ಕೇಳಿರಲಿಲ್ಲ, ನನಗೇ ಬೇಕಿತ್ತು.

ಮೈಯೆಲ್ಲ ಕಿವಿಯಾಗಿ ಕೇಳಿದೆ. ಸಿಂಬಲ್ಲಿನ ಮೇಲೆ ಕೋಲು ಬಿತ್ತು, ಸದ್ದು ಅರಳಿತು, ತೆಳುವಾಯಿತು, ಇನ್ನೂ ತೆಳುವಾಯಿತು, ಪೂರ್ತಿ ಮುಗಿಯುವ ಹೊತ್ತಿಗೆ ಮುಂದಿನ ಏಟು. ಆ ಮುಗಿಯುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಒಂದು ಕಡೆ ಆ ಡ್ರಮ್ಮರಿನ ಸ್ಟೂಲು ಕಿರ್ ಎಂದಿತು. ಇಷ್ಟು ದಿನ ಅದನ್ನು ರೆಕಾರ್ಡಿನ ಗೀರು ಎಂದೇ ತಿಳಿದಿದ್ದೆ. ಅವನಿಗೆ ಯಾವ ಅವಸರವೂ ಇರಲಿಲ್ಲ. ಬಾಲ್ಯದಿಂದ ಜತೆಗೇ ಓಡಿದವನು ಎಂದುಕೊಂಡಿದ್ದೆ, ಅವನು ನಡೆಯುತ್ತಿದ್ದ, ಓಡುತ್ತಿದ್ದವನು ನಾನೊಬ್ಬನೇ. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು.

ಕೊಟ್ಟ ಮಾತು ಕೊಟ್ಟದ್ದೇ. ಒಳಗೆ ಹೋಗಿ ಸಿಂಬಲ್ಲುಗಳನ್ನು ಕಳಚಲು ಶುರುಮಾಡಿದೆ. ಬೇಡ ಎಂದು ಅಕ್ಕ ಹೇಳಲಿಲ್ಲ. ಭಾವ ಏನೋ ಹೇಳಲು ಹೋಗಿ ಬಾಸಿನ ಹಿಂದೆ ಮರೆಯಾದರು. ಸೌಂಡಿನವನು ಮಾತ್ರ ಬಾಗಿಲಲ್ಲಿ ನಿಂತು, ಮನೆಯದು ಬೆಲ್ಟಿನ ಪ್ಲೇಯರೋ, ಬೆಲ್ಟು ಯಾವಾಗ ಬದಲಾಯಿಸಿದ್ದು ಎಂದು ವಿಚಾರಿಸಿದ. ಅವನಿಗೆ ಕುತೂಹಲ, ನನಗೆ ಉರಿ. ಆದರೂ ಹೇಳಿದೆ. ಆ ಪ್ಲೇಯರನ್ನು ನನ್ನಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿಲ್ಲ. ಬೆಲ್ಟು ಸಡಿಲವಾದಾಗಲೆಲ್ಲ ಹೊಸದು ಹಾಕಿದ್ದೇನೆ, ಬೆಲ್ಟನ್ನು ತಿರುಗಿಸುವ ಮೋಟಾರಿನ ಕಡ್ಡಿಗೆ ಸುತ್ತಿದ ಬಟ್ಟೆ ಟೇಪು ಸವೆದಾಗಲೆಲ್ಲ ಅಷ್ಟೇ ಅಗಲದ್ದು ತಂದು, ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು ಸುತ್ತಿದ್ದೇನೆ.

"ಮೋಟಾರಿಗೆ ಯಾರೂ ಟೇಪು ಸುತ್ತಲ್ಲ ಸಾರ್," ಎಂದ ಅವನು. "ಕಡ್ಡಿ ದಪ್ಪ ಆದ್ರೆ ರೆಕಾರ್ಡು ಜೋರಾಗಿ ತಿರುಗುತ್ತೆ. ಸದ್ದೂ ಮೇಲಕ್ಕೆ ಹೋಗುತ್ತೆ."

ಅದು ಕಂಪನಿಯಿಂದಲೇ ಬಂದದ್ದು, ನಾನು ಕಣ್ಣು ಬಿಟ್ಟಾಗಿನಿಂದ ಇದೆ ಎಂದು ನಾನು ವಾದಕ್ಕೆ ನಿಂತೆ. ಹಿಂದಿನಿಂದ ಅಕ್ಕನ ದನಿ ಕೇಳಿತು.

"ಕಪ್ಪು ಟೇಪು. ಎರಡು ಸುತ್ತು."

ಅವಳು ಪಿಯಾನೋ ಮುಂದೆ ಕೂತೇ ಇದ್ದಳು, ಕೈ ತೊಡೆಯ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು.

"ಅದನ್ನ ಸುತ್ತಿದ್ದು ನಾನು ಪುಟ್ಟ."

ನಮ್ಮ ಮನೆಗೆ ಅಪ್ಪ ತಂದದ್ದು ಯಾವುದೋ ಮುಚ್ಚಿಹೋದ ಡಾನ್ಸ್ ಹಾಲಿನ ಪಿಯಾನೋ. ಅದರ ಸ್ವರಗಳೆಲ್ಲ ಇರಬೇಕಾದ್ದಕ್ಕಿಂತ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಮೇಲಕ್ಕೆ ಇದ್ದವಂತೆ. ರೆಕಾರ್ಡಿನ ಜತೆ ನುಡಿಸಿ ಕಲಿಯಲು ಹೋದರೆ ಎರಡಕ್ಕೂ ಹೊಂದದೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತಂತೆ. ಪಿಯಾನೋದ ಅಷ್ಟೊಂದು ತಂತಿಗಳನ್ನು ಇಳಿಸುವವರು ಯಾರು? ಹದಿನಾಲ್ಕರ ಹುಡುಗಿಗೆ ರೆಕಾರ್ಡನ್ನು ಏರಿಸುವುದೇ ಸುಲಭವಾಗಿ ಕಂಡಿತು. ಟೇಪು ಸುತ್ತಿದಳು, ಸ್ವರ ಕೂಡಿತು, ಕಲಿತಳು. ಮದುವೆಯಾಗಿ ಹೋಗುವಾಗ ಟೇಪು ಬಿಚ್ಚುವುದು ಮರೆತೇಹೋಯಿತು. ಅವಳು ನುಡಿಸುವಾಗಲೆಲ್ಲ ಪಕ್ಕದಲ್ಲಿ ನೆಲದ ಮೇಲೆ ಕೂತು ಪಾತ್ರೆ ಬೋರಲು ಹಾಕಿಕೊಂಡು ಬಡಿಯುತ್ತಿದ್ದವನು ನಾನು.

"ನೀನು ಓಡ್ತೀಯ ಓಡ್ತೀಯ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ," ಎಂದಳು. "ಓಡೋದು ಕಲಿಸಿದ್ದು ನಾನೇ."

ನನಗೆ ಅವಳ ಮೇಲೆ ಕೂಗಾಡಬೇಕು ಅನ್ನಿಸಿತು. ಅದರ ಹಿಂದೆಯೇ ಆ ಹಳೇ ನೆಲ, ಅವಳ ಬರಿಗಾಲು ಪಿಯಾನೋದ ಪೆಡಲ್ ಒತ್ತುತ್ತಿದ್ದದ್ದು ನೆನಪಾಗಿ ಕೂಗಲು ಬಾಯಿ ಬರಲಿಲ್ಲ. ಹಾಗಂತ ಹೋಗುವ ಮಾತೇನೂ ಬದಲಾಗಿರಲಿಲ್ಲ. ತಪ್ಪು ಯಾರದಾದರೇನು, ಓಡುವ ಕಾಲು ನನ್ನದೇ ತಾನೆ? ಹಾಗೆಂದೇ ಹೇಳಿದೆ.

ಅಕ್ಕ ಪಿಯಾನೋ ಕಡೆ ತಿರುಗಿದಳು. ಬೋಳನಲ್ಲಿರುವ ಹಾಡನ್ನು ನುಡಿಸಲು ಶುರುಮಾಡಿದಳು. ಇಷ್ಟು ವರ್ಷ ವೇದಿಕೆಯಲ್ಲಿ ನುಡಿಸಿದ ಹಾಗಲ್ಲ, ಅರ್ಧ ಮನೆ ಮೇಲೆ, ನಮ್ಮ ಮನೆಯಲ್ಲಿ ಕೇಳುತ್ತಿದ್ದ ಹಾಗೆ. ಭಾವ ತಬ್ಬಿಬ್ಬಾಗಿ ಬೆರಳು ಹುಡುಕಿಕೊಂಡು ಸೇರಿಕೊಂಡರು. ನಾನು ಕೀಲಿ ತೆಗೆದುಕೊಂಡು ಸ್ನೇರಿನ ತಿರುಪುಗಳನ್ನು ಒಂದೊಂದೇ ಸಡಿಲಿಸಿದೆ, ಬಾಗಿಲು ತಟ್ಟಿದ ಸದ್ದು ಬರುವವರೆಗೆ. ಕಳಚಿಟ್ಟ ಸಿಂಬಲ್ಲುಗಳಲ್ಲಿ ಒಂದನ್ನು ಮಾತ್ರ ಮತ್ತೆ ಏರಿಸಿದೆ.

ಬಾರಿಸಿದೆ. ಮುಳ್ಳಿನ ಮೇಲೆ ಕೂತ ಹಾಗಿತ್ತು. ಇಷ್ಟು ವರ್ಷದ ಚಾಳಿ ಒಂದು ಬೆಳಿಗ್ಗೆಗೆ ಹೋಗುತ್ತದೆಯೇ? ಕಾಲು ಮುಂದಕ್ಕೆ ಹಾರುತ್ತಿತ್ತು, ಕೈ ಅದರ ಬೆನ್ನಿಗೇ ಇತ್ತು. ಹಲ್ಲು ಕಚ್ಚಿ ಒಂದೇ ಒಂದನ್ನು ಪಾಲಿಸಿದೆ: ಸಿಂಬಲ್ಲಿನ ಸದ್ದು ಪೂರ್ತಿ ಮುಗಿಯುವವರೆಗೆ ಮುಂದಿನ ಏಟು ಹೊಡೆಯಬಾರದು. ಬೆವರು ಕುತ್ತಿಗೆಯಿಂದ ಇಳಿಯಿತು. ಹಾಗಿದ್ದರೂ ಏನೋ ಹೊಂದುತ್ತಿರಲಿಲ್ಲ. ಈಗಲೂ ನಾವು ಮೂವರೂ ಬೇರೆ ಬೇರೆ ಹೋಗುತ್ತಿದ್ದೆವು, ಎಂದಿನ ಹಾಗೆಯೇ. ಇನ್ನು ಮುಗಿಯಿತು ಎಂದುಕೊಂಡೆ.

ಗಾಜಿನ ಆಚೆ ಸೌಂಡಿನವನು ಅಂಗೈ ತೋರಿಸಿದ. ಎಲ್ಲರೂ ನಿಂತೆವು. ಅವನು ಮೈಕಿನ ಗುಂಡಿ ಒತ್ತಿದ. ಏನು ಹೇಳುತ್ತಾನೆಂದು ಗೊತ್ತಿದ್ದರಿಂದ ನಾನು ತಲೆ ತಗ್ಗಿಸಿದೆ.

"ಮೇಡಂ, ನೀವು ಓಡ್ತಿದೀರಿ."

ಅಕ್ಕ ಕತ್ತು ಹೊರಳಿಸಿ ಗಾಜಿನ ಕಡೆ ನೋಡಿದಳು, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಹಳೇ ಸ್ವರ ಸಿಕ್ಕಿದ್ದೇ ಅವಳ ಬೆರಳುಗಳೂ ಮನೆಯ ಪ್ಲೇಯರಿನ ವೇಗಕ್ಕೇ ಓಡಿದ್ದವು. ಭಾವ ಬಾಸಿನ ಹಿಂದಿನಿಂದ ಕಿಸಕ್ಕನೆ ನಕ್ಕರು. ಮದುವೆಯಾದಂದಿನಿಂದ ಅವರು ಈ ಮಾತಿಗೆ ಕಾಯುತ್ತಿದ್ದರೇನೋ. ಅಕ್ಕನಿಗೂ ನಗು ಬಂತು, ಜತೆಗೇ ಕಣ್ಣೂ ತುಂಬಿತು. ಅದನ್ನು ಒರೆಸಿಕೊಳ್ಳದೆಯೇ ಫೋನು ತೆಗೆದುಕೊಂಡು ಹತ್ತಿಕೈಗೆ ಮಾಡಿದಳು. ಮಧ್ಯಾಹ್ನ ಬರುವುದು ಬೇಡಪ್ಪ, ಡ್ರಮ್ಮಿಗೆ ನನ್ನ ತಮ್ಮ ಇದ್ದಾನೆ ಎಂದಳು. ಅವನು ಏನೋ ಕೇಳಿದನೆಂದು ಕಾಣುತ್ತದೆ, ಹೂಂ, ಅವನೇ, ಎಕ್ಸ್‌ಪ್ರೆಸ್ಸೇ ಎಂದು ಫೋನಿಟ್ಟಳು.

ಮತ್ತೆ ಪಿಯಾನೋ ಕಡೆ ತಿರುಗಿ ಬೆರಳುಗಳನ್ನು ಅವುಗಳ ಜಾಗದಲ್ಲಿಟ್ಟಳು. ನಾನು ಎಂದಿನ ಹಾಗೆ ಅವಳ ಎಣಿಕೆಗೆ ಕಾದೆ. ಅವಳು ಎಣಿಸಲಿಲ್ಲ.

"ನೀನು ಎಣಿಸು ಪುಟ್ಟ," ಎಂದಳು.

ಕೋಲು ಎತ್ತಿದೆ. ಒನ್ ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೆಳಗೆ ಪ್ರೆಸ್ಸಿನ ಮೆಷಿನ್ನು ಓಡುತ್ತಿತ್ತು. ನನ್ನ ಕಾಲು ಅದರ ಜತೆ ಕುಣಿಯುತ್ತಿತ್ತು. ಕಾಲು ನಿಲ್ಲುವವರೆಗೆ ಅಕ್ಕನೂ ಭಾವನೂ ಕಾದರು, ನಾನೂ ಕಾದೆ.